ಹೊಳೆ ಪಕ್ಕದ ಊರಲ್ಲಿ ನಾಯಿ ಜೊತೆ ಓಡಾಟ: ಗೊತ್ತಿದ್ದವರು ಹೇಳಿ

ಕೇಳಿದ್ದು: ನದಿ ದಂಡೆಯ ಊರಿಗೆ ಮನೆ ಬದಲಾಯಿಸಿದ್ದೇವೆ. ನಾಯಿ ಎರಡು ವರ್ಷದ ಲ್ಯಾಬ್ರಡಾರ್, 28 ಕೆಜಿ. ನೀರು ಕಂಡರೆ ನಿಲ್ಲುವುದಿಲ್ಲ, ಕರೆದರೆ ಬರುವುದು ಅದರ ಮರ್ಜಿ. ದಿನಾ ದಂಡೆ ಮೇಲೆ ವಾಕಿಂಗ್, ರಜೆಯಲ್ಲಿ ಕೆಫೆ, ಪಿಕ್ನಿಕ್, ದೋಣಿ ಅಂತ ಕರೆದುಕೊಂಡು ಹೋಗುವ ಆಸೆ. ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು, ಏನೇನು ಸಾಮಾನು ಬೇಕು?

ಉತ್ತರ 1

ಮೊದಲ ಸಲ ನಾಯಿಯನ್ನು ಮನೆಯಲ್ಲೇ ಬಿಟ್ಟು ನೀವೊಬ್ಬರೇ ದಂಡೆ ಉದ್ದಕ್ಕೂ ನಡೆದು ಬನ್ನಿ. ಇಳಿಯುವ ಜಾಗ ಹುಡುಕುವುದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಗುರುತು ಮಾಡಿಕೊಳ್ಳಬೇಕಾದ್ದು ಹತ್ತಿ ಬರುವ ಜಾಗ. ಕಲ್ಲು ಕಟ್ಟಿದ ಗೋಡೆ, ಕಡಿದಾದ ಮಣ್ಣಿನ ಅಂಚು, ಪಾಚಿ ಕಟ್ಟಿದ ಮೆಟ್ಟಿಲು ಇರುವ ಕಡೆ ನಾಯಿ ಒಂದೇ ನೆಗೆತಕ್ಕೆ ನೀರಿಗೆ ಬೀಳುತ್ತದೆ, ಮೇಲೆ ಬರಲು ಮಾತ್ರ ಉಗುರು ಊರಲು ಹಿಡಿತ ಸಿಗುವುದಿಲ್ಲ. ಅಲ್ಲೇ ಗೋಡೆ ಪಕ್ಕ ಈಜಾಡಿ ಸುಸ್ತಾಗುತ್ತದೆ. ನಿಧಾನಕ್ಕೆ ಇಳಿಜಾರಾಗಿರುವ ಮರಳು ಅಥವಾ ಸಣ್ಣ ಕಲ್ಲಿನ ದಡ ಬೇಕು. ಸೆಳವು ಎಷ್ಟು ಅಂತ ನೋಡಲು ಒಂದು ಒಣ ಕಡ್ಡಿ ಎಸೆಯಿರಿ. ಅದು ನೀವು ದಡದಲ್ಲಿ ನಡೆಯುವುದಕ್ಕಿಂತ ಜೋರಾಗಿ ಹೋದರೆ ಆ ದಿನ ಈಜು ಬೇಡ. ಕಡಿಮೆ ಇದ್ದರೂ ನಾಯಿ ಇಳಿಯುವ ಜಾಗದಿಂದ ಕೆಳಗೆ, ಹರಿವಿನ ದಿಕ್ಕಿನಲ್ಲಿ, ಹತ್ತಲು ಇನ್ನೊಂದು ಜಾಗ ಇರಲೇಬೇಕು. ಅದು ಇಳಿದ ಕಡೆಯೇ ವಾಪಸ್ ಬರುವುದಿಲ್ಲ, ನೀರು ಕೆಳಗೆ ತಳ್ಳಿರುತ್ತದೆ.

ಅಡ್ಡಗಟ್ಟೆ ಇದ್ದರೆ ಅದರ ಮೇಲೂ ಕೆಳಗೂ ಬೆಲ್ಟ್ ಬಿಚ್ಚಬೇಡಿ. ಮೇಲ್ಗಡೆ ನೀರು ಕನ್ನಡಿ ಥರ ಶಾಂತ. ಕೆಳಗೆ ಬಿದ್ದ ನೀರು ಹಿಂದಕ್ಕೇ ಸುತ್ತುತ್ತಿರುತ್ತದೆ, ಅದರಲ್ಲಿ ಸಿಕ್ಕಿದ್ದು ಕಟ್ಟೆಯ ಬುಡಕ್ಕೇ ಮತ್ತೆ ಮತ್ತೆ ಬರುತ್ತದೆ. ಮರದ ದಿಮ್ಮಿಯೇ ಹೊರಗೆ ಬರದೆ ಅಲ್ಲೇ ಉರುಳಾಡುವುದನ್ನು ನೋಡಬಹುದು. ಮೇಲೆ ಎಲ್ಲಾದರೂ ಅಣೆಕಟ್ಟು ಇದ್ದರೆ ನಡುಗಡ್ಡೆಯ ಮರಳ ದಿಬ್ಬಕ್ಕೂ ಹೋಗಬೇಡಿ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿ ಕಸ ನೊರೆ ತೇಲಿ ಬರಲು ಶುರುವಾದರೆ ನೀರು ಬಿಟ್ಟಿದ್ದಾರೆ ಅಂತಲೇ ಲೆಕ್ಕ.

ಕೊನೆಗೆ ಒಂದು, ಇದು ಎಲ್ಲಕ್ಕಿಂತ ಮುಖ್ಯ. ನಾಯಿ ಸೆಳವಿಗೆ ಸಿಕ್ಕರೆ ನೀವು ನೀರಿಗೆ ಹಾರಬೇಡಿ. ದಡದಲ್ಲೇ ಅದಕ್ಕಿಂತ ಮುಂದೆ ಓಡಿ, ಹತ್ತುವ ಜಾಗದಲ್ಲಿ ನಿಂತು ಕರೆಯಿರಿ. ನಾಯಿ ದನಿಯ ಕಡೆ ಈಜುತ್ತದೆ. ನೀವು ಅದರ ಹಿಂದೆ ನಿಂತು ಕೂಗಿದರೆ ಪ್ರವಾಹಕ್ಕೆ ಎದುರಾಗಿ ತಿರುಗಿ ದಣಿಯುತ್ತದೆ.

ಉತ್ತರ 2

ಬೆಲ್ಟ್ ವಿಚಾರ. ಓಡಾಟದ ದಾರಿಗೆ 1.5ರಿಂದ 2 ಮೀಟರ್ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಬೆಲ್ಟ್ ದಂಡೆಗೆ ತರಬೇಡಿ: ತೆಳು ದಾರ ಸೈಕಲ್‌ನವರಿಗೆ ಕಾಣುವುದಿಲ್ಲ, 28 ಕೆಜಿ ನಾಯಿ ಓಡಿ ಬಂದು ತುದಿ ಮುಟ್ಟಿದಾಗ ಹಿಡಿಕೆ ಕೈಯಿಂದ ಹಾರುತ್ತದೆ, ಆಮೇಲೆ ಆ ಪ್ಲಾಸ್ಟಿಕ್ ಡಬ್ಬಿ ಸದ್ದು ಮಾಡುತ್ತ ಬೆನ್ನಟ್ಟಿ ಬಂದಂತಾಗಿ ನಾಯಿ ಇನ್ನೂ ದೂರ ಓಡುತ್ತದೆ.

ಕರೆದರೆ ಬರುವುದನ್ನು ಕಲಿಸಲು 10 ಮೀಟರ್ ಉದ್ದದ ಹಗ್ಗ ಬೇಕು. ಹತ್ತಿಯದು ಒದ್ದೆಯಾದರೆ ಭಾರ, ನೈಲಾನ್ ಕೈ ಸುಡುತ್ತದೆ. ಪ್ಲಾಸ್ಟಿಕ್ ಲೇಪನದ ಪಟ್ಟಿ ನೀರು ಹೀರುವುದಿಲ್ಲ, ಒರೆಸಿದರೆ ಆಯಿತು. ಅದನ್ನು ಹಾರ್ನೆಸ್‌ನ (ಎದೆ-ಬೆನ್ನು ಸುತ್ತಿ ಹಾಕುವ ಪಟ್ಟಿ) ಬೆನ್ನಿನ ಬಳೆಗೆ ಸಿಕ್ಕಿಸಿ, ಕಾಲರ್‌ಗೆ ಬೇಡ. ಹತ್ತು ಮೀಟರ್ ಓಡಿ ನಿಂತ ಎಳೆತ ಪೂರ್ತಿ ಕುತ್ತಿಗೆಗೆ ಬೀಳುತ್ತದೆ.

ಕಲಿಸುವ ಕ್ರಮ: ಮೊದಲು ಮನೆಯೊಳಗೆ, ಆಮೇಲೆ ಅಂಗಳ, ಆಮೇಲೆ ನೀರು ಕಾಣದ ಬಯಲು, ಕೊನೆಗೆ ದಂಡೆ. ಒಂದು ಶಬ್ದ, ಒಂದೇ ಸಲ. ಬಂದ ಕೂಡಲೇ ಅದಕ್ಕೆ ಪ್ರಾಣವಾದ ತಿಂಡಿ, ಹಾರ್ನೆಸ್ ಹಿಡಿದು ಎರಡು ಸೆಕೆಂಡು, ಮತ್ತೆ ‘ಹೋಗು’ ಅಂತ ಬಿಡಿ. ಜನ ತಪ್ಪುವುದು ಇಲ್ಲೇ. ಮನೆಗೆ ಹೊರಡುವಾಗ ಮಾತ್ರ ಕರೆಯುತ್ತಾರೆ. ಬಂದರೆ ಆಟ ಮುಗಿಯಿತು ಅಂತ ನಾಯಿಗೆ ನಾಲ್ಕೇ ದಿನಕ್ಕೆ ಅರ್ಥವಾಗುತ್ತದೆ. ಒಂದು ವಾಕಿಂಗ್‌ನಲ್ಲಿ ಹತ್ತು ಸಲ ಕರೆದು ಒಂಬತ್ತು ಸಲ ಬಿಡಿ. ಬಾತುಕೋಳಿ ಎದುರಿಗಿದ್ದಾಗಲೂ ತಿರುಗಿ ಬರುವ ತನಕ ಹಗ್ಗ ತೆಗೆಯಬೇಡಿ. ಮರಳಿನ ಮೇಲೆ ಹಕ್ಕಿ ಮೊಟ್ಟೆ ಇಡುವ ಕಾಲದಲ್ಲಿ ಎಷ್ಟೇ ಕಲಿತ ನಾಯಿಯಾದರೂ ಹಗ್ಗದಲ್ಲೇ ಇರಲಿ. ಮೊಟ್ಟೆ ಮರಳಿನ ಬಣ್ಣದ್ದೇ ಇರುತ್ತದೆ, ತುಳಿದದ್ದು ನಿಮಗೂ ಗೊತ್ತಾಗುವುದಿಲ್ಲ.

ನೀರಿಗೂ ಇದೇ ಹಗ್ಗದಲ್ಲಿ ಬಿಡಿ, ಧೈರ್ಯ ಇರುತ್ತದೆ.

ಉತ್ತರ 3

ಕೊನೆಯ ಸಾಲು ಒಪ್ಪಲಾಗದು. ಹರಿಯುವ ನೀರಲ್ಲಿ ಉದ್ದ ಹಗ್ಗ ಬೇರು ಬಂಡೆಗೆ ಸಿಕ್ಕಿಕೊಂಡರೆ ನಾಯಿ ಅಲ್ಲೇ ನಿಲ್ಲುತ್ತದೆ, ನೀರು ಅದರ ಮೇಲೆ ಹರಿಯುತ್ತದೆ. ಈಜಿಸುವುದಾದರೆ ಕಾಲರ್, ಹಾರ್ನೆಸ್, ಹಗ್ಗ ಎಲ್ಲ ಬಿಚ್ಚಿ ಲೈಫ್ ಜಾಕೆಟ್ ಹಾಕಿ. ಹಗ್ಗ ಬಿಚ್ಚಲು ಧೈರ್ಯ ಇಲ್ಲದ ಜಾಗ ಈಜಿನ ಜಾಗವೇ ಅಲ್ಲ.

ಜಾಕೆಟ್ ಕೊಳ್ಳುವಾಗ ಎದೆಯ ಸುತ್ತಳತೆ, ಮುಂಗಾಲಿನ ಹಿಂದೆ, ಟೇಪಿನಲ್ಲಿ ಅಳೆದುಕೊಂಡು ಹೋಗಿ; ಪ್ಯಾಕೆಟ್ ಮೇಲಿನ ಕೆಜಿ ಲೆಕ್ಕ ನಂಬಬೇಡಿ. ಪಟ್ಟಿ ಬಿಗಿದ ಮೇಲೆ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಬೆನ್ನಿನ ಹಿಡಿಕೆ ಹಿಡಿದು ಮನೆಯಲ್ಲೇ ನಾಯಿಯನ್ನು ಒಂದಿಂಚು ಎತ್ತಿ ನೋಡಿ. ಹಿಂಭಾಗ ಜಾರಿದರೆ ಅಥವಾ ಜಾಕೆಟ್ ಕಿವಿ ತನಕ ಬಂದರೆ ಅಳತೆ ತಪ್ಪು. ಲ್ಯಾಬ್‌ಗೆ ಯಾಕೆ ಜಾಕೆಟ್ ಅಂತ ಕೇಳುತ್ತಾರೆ. ಈಜು ಬರುತ್ತದೆ, ಸುಸ್ತಾಗಿದೆ ಅಂತ ನಿಲ್ಲಿಸುವುದು ಬರುವುದಿಲ್ಲ. ಪಗ್, ಬುಲ್‌ಡಾಗ್ ಥರದ ಮೊಂಡು ಮೂತಿಯವಕ್ಕೆ ಮೊಣಕಾಲುದ್ದ ನೀರೇ ಹೆಚ್ಚು.

ಚೆಂಡು ಎಸೆದು ತರಿಸುವ ಆಟದಲ್ಲಿ ಇನ್ನೊಂದು ಅಪಾಯ. ದುಂಡು ಚೆಂಡನ್ನು ಕಚ್ಚಿದಾಗ ಬಾಯಿ ಅಗಲ ತೆರೆದಿರುತ್ತದೆ, ಪ್ರತಿ ಸಲವೂ ನೀರು ನುಂಗುತ್ತದೆ. ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಹೊಟ್ಟೆ ಉಬ್ಬುವುದು, ಜೊಲ್ಲು, ವಾಂತಿ, ಕುಡಿದವರ ಥರ ತೂರಾಡುವುದು ಕಂಡರೆ ಕಾಯಬೇಡಿ, ನೇರ ಪಶುವೈದ್ಯರ ಹತ್ತಿರ. ಚೆಂಡಿನ ಬದಲು ಚಪ್ಪಟೆ ಆಟಿಕೆ, ಹತ್ತು ನಿಮಿಷಕ್ಕೊಮ್ಮೆ ದಡದಲ್ಲಿ ವಿರಾಮ.

ಮಾರನೇ ದಿನ ಬಾಲ ಬುಡದಿಂದ ಜೋತುಬಿದ್ದು ಮುಟ್ಟಿದರೆ ನೋವು ಅನ್ನುತ್ತಿದ್ದರೆ ಮೂಳೆ ಮುರಿದಿದೆ ಅಂತ ಗಾಬರಿಯಾಗಬೇಡಿ. ತಣ್ಣೀರಲ್ಲಿ ಹೆಚ್ಚು ಈಜಿದ ಲ್ಯಾಬ್‌ಗಳಲ್ಲಿ ಬಾಲದ ಸ್ನಾಯು ಹೀಗೆ ಹಿಡಿದುಕೊಳ್ಳುವುದು ಮಾಮೂಲು, ವಿಶ್ರಾಂತಿ ಕೊಟ್ಟರೆ ಕೆಲವು ದಿನಕ್ಕೆ ಸರಿಹೋಗುತ್ತದೆ. ಹೋಗದಿದ್ದರೆ ತೋರಿಸಿ. ನಾಯಿಗೆ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ.

ಉತ್ತರ 4

ಸೆಳವು, ಸುಳಿ ಎಲ್ಲ ಸರಿ. ಕಾಯಿಲೆ ತರುವುದು ಮಾತ್ರ ನಿಂತ ನೀರು. ದಂಡೆಯ ಪಕ್ಕದ ಗುಂಡಿ, ಚರಂಡಿ ಬಂದು ಸೇರುವ ಬಾಯಿ, ಮಳೆಯಾದ ಮೇಲಿನ ಕೊಚ್ಚೆ ಇಲ್ಲೆಲ್ಲ ಇಲಿ, ದನ, ಇತರ ಪ್ರಾಣಿಗಳ ಮೂತ್ರ ಸೇರಿರುತ್ತದೆ. ಇಲಿ ಜ್ವರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ಅದರಿಂದಲೇ ಬರುವುದು, ಪಂಜದ ಸಣ್ಣ ಗೀರು ಅಥವಾ ಕಣ್ಣು-ಮೂಗಿನ ತೆಳು ಚರ್ಮ ಸಾಕು ಒಳಗೆ ಹೋಗಲು. ಲಸಿಕೆ ಪುಸ್ತಕ ತೆಗೆದು ನೋಡಿ, ಲೆಪ್ಟೊ ಹಾಕಿಸಿದ್ದೀರಾ ಅಂತ. ಮೊದಲ ಸಲ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಒಂದು ವರ್ಷ ಬಿಟ್ಟುಹೋದರೆ ರಕ್ಷಣೆ ಇದೆ ಅಂತ ಭಾವಿಸಬೇಡಿ. ಲಸಿಕೆ ಎಲ್ಲ ಬಗೆಯ ಲೆಪ್ಟೊಗೂ ಅಲ್ಲ, ಹಾಗಾಗಿ ಗುಂಡಿ ನೀರು ಕುಡಿಸದಿರುವುದು ಇದ್ದೇ ಇರಲಿ. ನೀರಿಗೆ ಇಳಿದ ಒಂದೆರಡು ವಾರದಲ್ಲಿ ಜ್ವರ, ವಾಂತಿ, ವಿಪರೀತ ಬಾಯಾರಿಕೆ, ಕಣ್ಣು ಅಥವಾ ಒಸಡು ಹಳದಿ ಬಂದರೆ ‘ಹೊಳೆಗೆ ಹೋಗಿತ್ತು’ ಅಂತ ವೈದ್ಯರಿಗೆ ನೀವೇ ಹೇಳಬೇಕು. ಇದು ಮನುಷ್ಯರಿಗೂ ಅಂಟುತ್ತದೆ. ಅಂಥ ನಾಯಿಯ ಮೂತ್ರ ಒರೆಸುವಾಗ ಗ್ಲೌಸ್ ಹಾಕಿ.

ಇನ್ನೊಂದು ನೀಲಿ-ಹಸಿರು ಪಾಚಿ. ಬಿಸಿಲು ಇದ್ದು, ಗಾಳಿ ಬಿದ್ದುಹೋಗಿ, ನೀರು ನಿಧಾನವಾದ ದಿನಗಳಲ್ಲಿ ಮೇಲೆ ಬಣ್ಣದ ಡಬ್ಬಿ ಚೆಲ್ಲಿದಂತೆ ಪದರ ಕಟ್ಟುತ್ತದೆ. ಗಾಳಿ ಬೀಸುವ ಕಡೆಯ ದಡಕ್ಕೆ ಹೋಗಿ ದಪ್ಪವಾಗುತ್ತದೆ. ಕೆಲವು ನದಿಗಳಲ್ಲಿ ತೇಲುವುದೇ ಇಲ್ಲ. ತಳದ ಕಲ್ಲಿಗೆ ಅಂಟಿ ಬೆಳೆದು, ಕಪ್ಪು-ಕಂದು ಚಪ್ಪಡಿಯಾಗಿ ಕಿತ್ತು ಬಂದು ದಡದಲ್ಲಿ ಒಣಗುತ್ತದೆ. ನೀರು ತಿಳಿಯಾಗಿದೆ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ನಾಯಿ ಅದರ ಮಣ್ಣು ವಾಸನೆಗೆ ಹೋಗಿ ತಿಂದಿರುತ್ತದೆ. ವಿಷ ಕೆಲವದರಲ್ಲಿ ಯಕೃತ್ತಿಗೆ, ಕೆಲವದರಲ್ಲಿ ನರಕ್ಕೆ. ನರಕ್ಕೆ ಹೋಗುವಂಥದ್ದು ನಿಮಿಷಗಳಲ್ಲಿ ನಡುಕ, ಸೆಳೆತ ತರುತ್ತದೆ. ಪ್ರತಿವಿಷ ಇಲ್ಲ. ಮೈಗೆ ತಾಗಿದ್ದರೆ ನೆಕ್ಕಿಕೊಳ್ಳುವ ಮೊದಲು ಬಾಟಲಿಯ ಒಳ್ಳೆ ನೀರಿನಿಂದ ತೊಳೆದು ಆಸ್ಪತ್ರೆಗೆ ಓಡಿ, ಲಕ್ಷಣ ಬರಲಿ ಅಂತ ನೋಡಬೇಡಿ.

ನೀರು ಹೊತ್ತು ಹೋಗುವುದು ಇದಕ್ಕೇ. ನಾಯಿಗೆ ದಿನಕ್ಕೆ ಕೆಜಿಗೆ 50-60 ಮಿಲಿ ಬೇಕು, ನಿಮ್ಮದಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್. ಎರಡು ಗಂಟೆಯ ಓಡಾಟಕ್ಕೆ ಒಂದು ಲೀಟರ್ ಚೀಲದಲ್ಲಿರಲಿ. ದಂಡೆಗೆ ಇಳಿಯುವ ಮೊದಲೇ ಒಂದು ಬಟ್ಟಲು ಕುಡಿಸಿ. ಹೊಟ್ಟೆ ತಂಪಾಗಿರುವ ನಾಯಿ ಹೊಳೆಗೆ ಬಾಯಿ ಹಾಕುವುದು ಕಡಿಮೆ.

ಉತ್ತರ 5

ಬಿಸಿಲು ಯಾರೂ ಹೇಳಲಿಲ್ಲ. ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಇಡಿ, ಆಗದಿದ್ದರೆ ಪಂಜಕ್ಕೂ ಆಗದು. ಗಾಳಿ 25 ಡಿಗ್ರಿ ಇದ್ದಾಗಲೂ ಬಿಸಿಲಿನ ಡಾಂಬರು 50 ಮುಟ್ಟಬಹುದು, ನದಿಯ ಕಲ್ಲು ಮೆಟ್ಟಿಲುಗಳೂ ಸಂಜೆ ತಡವಾಗುವ ತನಕ ಕಾದಿರುತ್ತವೆ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ನಾಲಿಗೆ ಕಡುಗೆಂಪಾಗಿ ಅಗಲವಾಗಿ ಜೋತು, ಏದುಸಿರು ನೆರಳಿಗೆ ಬಂದರೂ ಇಳಿಯದೆ, ಕಾಲು ತಡವರಿಸಿದರೆ ಮೊದಲು ತಂಪು, ಆಮೇಲೆ ಗಾಡಿ. ಮೈತುಂಬ ನೀರು ಸುರಿದು ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷಕ್ಕೆ ಒಳಗೆ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಒಂಚೂರು ಇಳಿಸಿದರೆ ಏನೂ ಪ್ರಯೋಜನವಿಲ್ಲ.

ಉತ್ತರ 6

ಮನೆಗೆ ಬಂದ ಮೇಲಿನ ಕೆಲಸ: ಒಳ್ಳೆ ನೀರಲ್ಲಿ ತೊಳೆಯಿರಿ, ಕಿವಿಯ ಒಳಮಡಿಕೆ ಒಣ ಹತ್ತಿಬಟ್ಟೆಯಿಂದ ಒರೆಸಿ, ಕಡ್ಡಿ ಹಾಕಬೇಡಿ. ಜೋಲು ಕಿವಿಯೊಳಗೆ ತೇವ ನಿಂತರೆ ಸೋಂಕು ಸುಲಭವಾಗಿ ತಗಲುತ್ತದೆ. ತಲೆ ಕೊಡವುತ್ತಲೇ ಇದ್ದರೆ, ಹುಳಿ ವಾಸನೆ ಬಂದರೆ ತೋರಿಸಿ. ಉಣ್ಣೆ ಹುಡುಕಬೇಕಾದ್ದು ಬೆರಳ ಸಂದು, ಕಂಕುಳು, ಕಿವಿ ಅಂಚು, ಬಾಲದ ಬುಡ. ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಕೆರಳಿದ ಉಣ್ಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು.

ಕುತ್ತಿಗೆ ಹಿಂದೆ ಹನಿ ಹಾಕುವ ಉಣ್ಣೆ ಔಷಧ ಬಳಸುತ್ತಿದ್ದರೆ ಕನಿಷ್ಠ 48 ಗಂಟೆ ನೀರಿಗೆ ಬಿಡಬೇಡಿ, ಡಬ್ಬಿಯ ಮೇಲೆ ಇನ್ನೂ ಹೆಚ್ಚು ಬರೆದಿದ್ದರೆ ಅಷ್ಟು. ಔಷಧ ತೊಳೆದುಹೋಗುವುದು ಒಂದು. ಇನ್ನೊಂದು, ಈ ಹನಿಗಳಲ್ಲಿರುವ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಅಂಥ ಕೀಟನಾಶಕಗಳು ನೀರಿನ ಹುಳಗಳಿಗೆ ಕಡು ವಿಷ, ಮೀನು ತಿಂದು ಬದುಕುವುದು ಅವನ್ನೇ. ದಿನಾ ಈಜುವ ನಾಯಿಗೆ ಬಾಯಲ್ಲಿ ಕೊಡುವ ಮಾತ್ರೆ ಮೇಲು, ವೈದ್ಯರನ್ನು ಕೇಳಿ. ಹೇಸಿಗೆಯನ್ನೂ ಚೀಲದಲ್ಲಿ ಎತ್ತಿ ಕಸದ ಡಬ್ಬಿಗೇ ಹಾಕಿ, ಗಂಟು ಕಟ್ಟಿ ಪೊದೆಗೆ ಎಸೆದರೆ ಎತ್ತದೇ ಇದ್ದುದಕ್ಕಿಂತ ಕೆಟ್ಟದು.

ಉತ್ತರ 7

ಕೆಫೆಗೆ ಮೊದಲು ಫೋನ್ ಮಾಡಿ. ‘ನಾಯಿ ಬರಬಹುದಾ’ ಅಂತಲ್ಲ, ‘ಯಾವ ಜಾಗದಲ್ಲಿ ಕೂರಬಹುದು’ ಅಂತ ಕೇಳಿ. ಮೊದಲು ನಲವತ್ತು ನಿಮಿಷ ನಡೆಸಿ, ಆಮೇಲೆ ಕೂರಿಸಿ. ಮನೆಯಲ್ಲಿ ಮಲಗುವ ಚಾಪೆಯನ್ನೇ ತಂದು ಮೂಲೆ ಮೇಜಿನಡಿ ಹಾಸಿ. ಬೆಲ್ಟನ್ನು ಮೇಜಿನ ಕಾಲಿಗೆ ಕಟ್ಟಬೇಡಿ, ಬೆಕ್ಕು ಕಂಡರೆ ಮೇಜೂ ಜೊತೆಗೆ ಹೊರಡುತ್ತದೆ, ಕಾಲಡಿ ಅದುಮಿಕೊಳ್ಳಿ. ಮೊದಮೊದಲು ಹದಿನೈದು ನಿಮಿಷಕ್ಕೆ ಎದ್ದುಬಿಡಿ, ಗಲಾಟೆ ಶುರುವಾಗುವ ತನಕ ಕೂರಬೇಡಿ. ಪಿಕ್ನಿಕ್‌ನಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೇಯಿಸಿದ ಮೂಳೆ ನೆಲದ ಮೇಲೆ ಇರಕೂಡದು.

ದೋಣಿಗೆ: ದಡಕ್ಕೆ ಕಟ್ಟಿದ ದೋಣಿಯಲ್ಲಿ ಮೊದಲು ಬರೀ ಹತ್ತಿ ಇಳಿಯುವುದು. ಜಾಕೆಟ್ ದಡದಲ್ಲೇ ಹಾಕಿ. ನೀವು ಮೊದಲು ಹತ್ತಿ, ನಾಯಿ ಆಮೇಲೆ, ಕೂರಿಸುವುದು ನಡುವೆ. ಬೆಲ್ಟನ್ನು ದೋಣಿಗೆ ಕಟ್ಟಬಾರದು, ಮಗುಚಿದರೆ ಅದೇ ಉರುಳು. ಕೆಲವು ದೋಣಿಯವರು ಮೂತಿ ಬುಟ್ಟಿ ಕೇಳುತ್ತಾರೆ. ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರುವಂಥದ್ದನ್ನೇ ಕೊಂಡು ವಾರಗಟ್ಟಲೆ ಮುಂಚೆ ಅಭ್ಯಾಸ ಮಾಡಿಸಿ.

ಉತ್ತರ 8

ದನಕರು ನೀರಿಗೆ ಬರುವ ದಾರಿ ಇದ್ದರೆ ಸುತ್ತುಹಾಕಿ ಹೋಗಿ. ನಾಯಿ ಕಂಡು ದನ ನುಗ್ಗಿ ಬಂದರೆ ಬೆಲ್ಟ್ ಬಿಟ್ಟುಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಿಮಗೆ ಆ ವೇಗ ಇಲ್ಲ.

ಕೇಳಿದವರು: ತುಂಬ ಉಪಕಾರವಾಯಿತು. ನಮ್ಮ ದಂಡೆಯಲ್ಲಿ ಮೀನು ಹಿಡಿಯುವವರು ಬಹಳ. ಗಾಳ ಚುಚ್ಚಿಕೊಂಡರೆ?

ಉತ್ತರ 4ರವರು: ತುಟಿಗೆ ಅಥವಾ ಪಂಜಕ್ಕೆ ಚುಚ್ಚಿದ್ದರೆ ಹಿಂದಕ್ಕೆ ಎಳೆಯಬೇಡಿ, ತುದಿಯ ಮುಳ್ಳು ಮಾಂಸ ಹರಿಯುತ್ತದೆ. ಮುಳ್ಳು ಆಚೆ ಬದಿ ಹೊರಗೆ ಬಂದು ಕಾಣುತ್ತಿದ್ದು, ನಾಯಿ ಸುಮ್ಮನಿದ್ದರೆ ತಂತಿ ಕತ್ತರಿಸುವ ಇಕ್ಕಳದಿಂದ ಮುಳ್ಳನ್ನು ತುಂಡರಿಸಿ, ಆಮೇಲೆ ಕೊಕ್ಕೆಯನ್ನು ಬಂದ ದಾರಿಯಲ್ಲೇ ತೆಗೆಯಬಹುದು. ಉಳಿದ ಸಂದರ್ಭದಲ್ಲಿ ಪಂಜ ಮೂತಿಗೆ ಹೋಗದಂತೆ ಹಿಡಿದು ವೈದ್ಯರಲ್ಲಿಗೆ. ಬಾಯಿಂದ ನೂಲು ಮಾತ್ರ ಜೋತಾಡುತ್ತಿದ್ದರೆ ಗಾಳ ಗಂಟಲಲ್ಲೋ ಹೊಟ್ಟೆಯಲ್ಲೋ ಇದೆ. ಎಳೆಯಬೇಡಿ, ವಾಂತಿ ಮಾಡಿಸಬೇಡಿ, ಏನೂ ತಿನ್ನಿಸಬೇಡಿ. ನೂಲನ್ನು ಬಾಯಿ ಹತ್ತಿರ ಕತ್ತರಿಸಲೂಬೇಡಿ. ಒಂದೆರಡು ಗೇಣು ಉಳಿಸಿ ತುದಿಯನ್ನು ಕಾಲರ್‌ಗೆ ಕಟ್ಟಿ, ನುಂಗಿಕೊಳ್ಳದಂತೆ. ಗಾಳ ಎಲ್ಲಿದೆ ಅಂತ ಹುಡುಕಲು ವೈದ್ಯರಿಗೆ ಆ ನೂಲೇ ಬೇಕು.