ಪ್ರಾಕ್ಟೀಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ: ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಏನು ಮಾಡಲಿ?

ಹೊಸ ಕೋಚ್:
ಈ ವರ್ಷದಿಂದ ಕಾಲೇಜು ಹುಡುಗಿಯರ ತಂಡ ನೋಡಿಕೊಳ್ಳುತ್ತಿದ್ದೇನೆ. ಆಡುವವರಿಗೇನೂ ಕೊರತೆ ಇಲ್ಲ. ಕೋನ್ ಇಟ್ಟು ಡ್ರಿಬಲ್, ಲೇಅಪ್ ಸಾಲು, ಮೂರು ಜನರ ವೀವ್, ಏನು ಕೊಟ್ಟರೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಮ್ಯಾಚ್‌ಗೆ ಇಳಿದರೆ ಬೇರೆಯೇ ಕಥೆ. ಎದುರಿನವರು ಸ್ವಲ್ಪ ಪ್ರೆಸ್ ಹಾಕಿದರೆ, ಅಂದರೆ ಚೆಂಡು ಮುಂದೆ ತರಲು ಬಿಡದೆ ಹತ್ತಿರ ಬಂದು ಒತ್ತಿ ತಡೆದರೆ ಸಾಕು, ಚೆಂಡು ಕೈಯಲ್ಲಿರುವವಳು ನಿಂತುಬಿಡುತ್ತಾಳೆ, ಬೆಂಚ್ ಕಡೆ ನೋಡುತ್ತಾಳೆ, ನಾನು ಕೂಗಿ ಹೇಳುವಷ್ಟರಲ್ಲಿ ಚೆಂಡು ಇನ್ಯಾರದೋ ಕೈಯಲ್ಲಿರುತ್ತದೆ.

ಇನ್ನೊಂದು ತಲೆನೋವು ಪರೀಕ್ಷೆ. ಹತ್ತಿರ ಬಂತು ಅಂದರೆ ಅರ್ಧ ತಂಡ ನಾಪತ್ತೆ. ಬೈದರೆ ಬಿಟ್ಟೇ ಹೋಗುತ್ತಾರೇನೋ ಅಂತ ಸುಮ್ನಿದ್ದೇನೆ. ಅನುಭವ ಇರುವವರು ಹೇಳಿ.

ಹಳೇ ಪಾಯಿಂಟ್ ಗಾರ್ಡ್:
ಕೋನ್ ಚೆಂಡು ಕಿತ್ತುಕೊಳ್ಳುವುದಿಲ್ಲ, ಅಲ್ವಾ? ನೀವು ಬರೆದ ಡ್ರಿಲ್‌ಗಳಲ್ಲಿ ಒಂದರಲ್ಲೂ ಹುಡುಗಿ ಏನನ್ನೂ ತೀರ್ಮಾನ ಮಾಡಬೇಕಾಗಿಲ್ಲ. ಎಲ್ಲಿ ತಿರುಗಬೇಕು, ಯಾರಿಗೆ ಕೊಡಬೇಕು, ಎಲ್ಲಾ ಮೊದಲೇ ಗೊತ್ತು. ಮ್ಯಾಚ್‌ನಲ್ಲಿ ಅದನ್ನು ಹೇಳಲು ಯಾರೂ ಇಲ್ಲ, ಅದಕ್ಕೇ ನಿಮ್ಮ ಮುಖ ನೋಡುತ್ತಾರೆ.

ಹೀಗೆ ಮಾಡಿ. ಐದು ಜನ ಚೆಂಡು ತರಲಿ, ಏಳು ಜನ ಪ್ರೆಸ್ ಹಾಕಲಿ. 8 ಸೆಕೆಂಡಿನಲ್ಲಿ ಅರ್ಧ ಅಂಗಳ ದಾಟಬೇಕು. ಡ್ರಿಬಲ್ ಇಲ್ಲ, ಬರೀ ಪಾಸ್. ಮೊದಲ ದಿನ ಗೊಂದಲವೋ ಗೊಂದಲ, ನೋಡುವುದಕ್ಕೆ ಆಗುವುದಿಲ್ಲ. ಆದರೆ ಡ್ರಿಬಲ್ ಇಲ್ಲದಿದ್ದರೆ ಚೆಂಡಿಲ್ಲದವರು ಓಡಲೇಬೇಕು. ಯಾರೋ ಒಬ್ಬಳು ಮಧ್ಯಕ್ಕೆ ನುಗ್ಗಿ ಕೈ ತೋರಿಸುತ್ತಾಳೆ, ಇನ್ನೊಬ್ಬಳು ಚೆಂಡಿನ ಕಡೆಗೇ ವಾಪಸ್ ಬರುತ್ತಾಳೆ, ಪ್ರೆಸ್ ಒಡೆಯುವುದು ಅಂದರೆ ಮುಕ್ಕಾಲು ಪಾಲು ಅಷ್ಟೇ. ಆಮೇಲೆ ಮ್ಯಾಚ್‌ನಲ್ಲಿ ಐವರೇ ಪ್ರೆಸ್ ಹಾಕಿದರೆ ನಿಮ್ಮ ಹುಡುಗಿಯರಿಗೆ ಅಂಗಳ ಖಾಲಿ ಇದ್ದ ಹಾಗೆ ಕಾಣುತ್ತದೆ.

ತಪ್ಪಾದಾಗ ಆಟ ನಿಲ್ಲಿಸಿ ಭಾಷಣ ಬೇಡ. "ಏನು ಕಾಣಿಸಿತು ನಿನಗೆ?" ಅಂತ ಕೇಳಿ. ಉತ್ತರ ಬರದಿದ್ದರೂ ಪರವಾಗಿಲ್ಲ, ಮುಂದಿನ ಸಲ ನೋಡುತ್ತಾಳೆ. ಟೈಮ್‌ಔಟ್‌ನಲ್ಲೂ ಹಾಗೇ. ಇರುವುದೇ ಒಂದು ನಿಮಿಷ, ಮೊದಲ 20 ಸೆಕೆಂಡ್ ಅವರೇ ಮಾತಾಡಲಿ.

ಬಾಕ್ಸ್ ಔಟ್:
ಮೇಲಿನವರು ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ಪಿವಟ್ (ಒಂದು ಕಾಲು ಊರಿ ಇನ್ನೊಂದರ ಮೇಲೆ ತಿರುಗುವುದು) ಸರಿಯಾಗಿ ಬರದವಳನ್ನು ಏಳು ಜನರ ಮಧ್ಯೆ ಬಿಟ್ಟರೆ ಕಲಿಯುವುದು ಭಯ ಒಂದೇ. ಪ್ರೆಸ್‌ನಲ್ಲಿ ಸಿಕ್ಕಿಬಿದ್ದವಳನ್ನು ಗಮನಿಸಿ: ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿದು ಹಿಂದಕ್ಕೆ ವಾಲಿರುತ್ತಾಳೆ. ಆಗ ಪಾಸ್‌ನಲ್ಲಿ ಜೋರಿರುವುದಿಲ್ಲ, ತೇಲಿಕೊಂಡು ಹೋಗುತ್ತದೆ. ಚೆಂಡು ಕೆಳಗೆ, ಮೊಣಕೈ ಅಗಲ, ಒಂದು ಕಾಲು ನೆಲಕ್ಕೆ ಊರಿ ಇನ್ನೊಂದು ಕಾಲನ್ನು ಡಿಫೆಂಡರ್ ಪಕ್ಕಕ್ಕೆ ಇಡುವುದು, ಇಷ್ಟನ್ನು ದಿನಾ ಹತ್ತು ನಿಮಿಷ ಒಬ್ಬಳ ಎದುರು ಒಬ್ಬಳನ್ನು ನಿಲ್ಲಿಸಿ ಮಾಡಿಸಿ. ಆಮೇಲೆ ಏಳಾದರೂ ಹಾಕಿ, ಎಂಟಾದರೂ ಹಾಕಿ.

ಮತ್ತೆ, ಬೆಂಚ್ ಕಡೆ ನೋಡುವುದು ಏನು ಮಾಡಬೇಕೆಂದು ಕೇಳುವುದಕ್ಕೇ ಅಂತ ಹೇಗೆ ಹೇಳುತ್ತೀರಿ? "ನನ್ನ ಬದಲಿಗೆ ಯಾರಾದರೂ ಏಳುತ್ತಿದ್ದಾರಾ" ಅಂತಲೂ ಇರಬಹುದು. ಚೆಂಡು ಕಳೆದ ತಕ್ಷಣ ಯಾರನ್ನೂ ಹೊರಗೆ ಕರೆಯಬೇಡಿ. ಇನ್ನೊಂದೆರಡು ಸಲ ಚೆಂಡು ಅವಳ ಕೈಗೆ ಬರಲಿ, ಆಮೇಲೆ ಬೇಕಾದರೆ ಬದಲಿಸಿ.

ಮಂಡಿ ಫಿಸಿಯೋ:
ಆಟದ ಮಾತು ನಿಮ್ಮನಿಮ್ಮಲ್ಲೇ ಮುಗಿಸಿಕೊಳ್ಳಿ, ನನ್ನದು ಮಂಡಿಯ ವಿಷಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು) ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹೆಚ್ಚಿನವು ಯಾರೂ ಡಿಕ್ಕಿ ಹೊಡೆಯದೇ ಆಗುವಂಥವು. ರಿಬೌಂಡ್‌ಗೆ ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದೆ, ಅಥವಾ ಓಡುತ್ತಾ ಒಮ್ಮೆಲೇ ನಿಂತು ತಿರುಗುವಾಗ ಆಗುತ್ತದೆ. ಫೋನ್‌ನಲ್ಲಿ ಮುಂದುಗಡೆಯಿಂದ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿ, ಯಾರ ಮಂಡಿ ಒಳಕ್ಕೆ ಹೋಗುತ್ತದೆ ಅಂತ ಕಾಣಿಸುತ್ತದೆ. ವಾರ್ಮ್‌ಅಪ್ ಅಂತ ಸುಮ್ನೆ ಎರಡು ಸುತ್ತು ಓಡಿಸುವ ಬದಲು 15 ನಿಮಿಷ ಹಾರಿ ಮೆತ್ತಗೆ ಇಳಿಯುವುದು, ಒಂಟಿಕಾಲಿನ ಸ್ಕ್ವಾಟ್, ತೊಡೆ ಹಿಂಭಾಗದ ವ್ಯಾಯಾಮ ಮಾಡಿಸಿದರೆ ಗಾಯ ಕಡಿಮೆಯಾಗುತ್ತದೆ. ಆದರೆ ಸೀಸನ್ ಪೂರ್ತಿ ಮಾಡಿಸಬೇಕು.

ಇನ್ನೂ ಒಂದು. ಮುಟ್ಟು ನಿಂತುಹೋದರೆ "ಚೆನ್ನಾಗಿ ಕಷ್ಟಪಡುತ್ತಿದ್ದಾಳೆ" ಅಂತ ಹೇಳುವ ಕೋಚ್‌ಗಳು ಇನ್ನೂ ಇದ್ದಾರೆ! ಮೈಗೆ ಬೇಕಾದಷ್ಟು ತಿನ್ನುತ್ತಿಲ್ಲ ಅನ್ನುವುದರ ಲಕ್ಷಣ ಅದಾಗಿರಬಹುದು, ಮೂಳೆಗೂ ಪೆಟ್ಟು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರನ್ನೇ ಕೊಟ್ಟಿತು. ಡಾಕ್ಟರ್ ಹತ್ತಿರ ಕಳಿಸಿ. ಎಲ್ಲರ ಎದುರು ತೂಕ ನೋಡುವುದಂತೂ ಬೇಡವೇ ಬೇಡ.

ಮೊದಲ ಸಾಲು:
ಪರೀಕ್ಷೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಮೆರಿಕದ ಟೆನ್ನೆಸೀ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ ಸಮಿಟ್ ಅಂತ ಕೋಚ್ ಇದ್ದರು. 1974ರಿಂದ 2012ರವರೆಗೆ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಇಷ್ಟು ಗೆದ್ದವರು ಓದಿನಲ್ಲೂ ಬಿಡುತ್ತಿರಲಿಲ್ಲ. ಕ್ಲಾಸ್ ತಪ್ಪಿಸುವ ಹಾಗಿಲ್ಲ, ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಹುಡುಗಿಯರೆಲ್ಲ ಪದವಿ ಮುಗಿಸಿದರು. ಅಲ್ಲಿನ ಕಾಲೇಜು ಕ್ರೀಡೆಯ ನಿಯಮದಲ್ಲೂ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮಿತಿ, ಒಂದು ದಿನ ರಜೆ ಕಡ್ಡಾಯ.

ಹಾಗಾಗಿ ಸೆಮಿಸ್ಟರ್ ಶುರುವಿನಲ್ಲೇ ಎಲ್ಲರ ಪರೀಕ್ಷೆ ದಿನಾಂಕ ಬರೆದುಕೊಳ್ಳಿ. ಆ ವಾರಗಳಲ್ಲಿ ಎರಡು ಗಂಟೆಯ ಪ್ರಾಕ್ಟೀಸ್ ಬೇಡ, 45 ನಿಮಿಷ ಸಾಕು, ಬರೀ ಶೂಟಿಂಗ್. ಮೂರು ನಾಲ್ಕು ಜನರ ಗುಂಪು ಮಾಡಿ, ಸಮಯ ಅವರೇ ಆರಿಸಿಕೊಳ್ಳಲಿ. ಬರುವುದಿಲ್ಲ ಅಂದರೆ ಹಿಂದಿನ ದಿನವೇ ಹೇಳಬೇಕು, ಹೇಳದೇ ತಪ್ಪಿಸಿದರೆ ಮುಂದಿನ ಮ್ಯಾಚ್‌ನಲ್ಲಿ ಮೊದಲ ಐವರಲ್ಲಿ ಜಾಗ ಇಲ್ಲ, ಸ್ಟಾರ್ ಆದರೂ ಅಷ್ಟೇ. ಬಿಟ್ಟು ಹೋಗುತ್ತಾರೆ ಅಂತ ಹೆದರಬೇಡಿ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಹೆಚ್ಚಿನವರು ಉಳಿಯುತ್ತಾರೆ.

ಹೊಸ ಕೋಚ್:
ಎಲ್ಲರಿಗೂ ಥ್ಯಾಂಕ್ಸ್. ತಮ್ಮನ್ನು ಹೊರಗೆ ಕರೆಯುತ್ತಾರೇನೋ ಅಂತ ಹೆದರಿ ಬೆಂಚ್ ಕಡೆ ನೋಡುತ್ತಿರಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ಪಿವಟ್‌ನಿಂದಲೇ ಶುರುಮಾಡುತ್ತೇನೆ. ಆದರೆ ಐದಕ್ಕೆ ಏಳು ಅಂದರೆ ಹನ್ನೆರಡು ಜನ ಬೇಕು, ಈ ವಾರ ಒಂಬತ್ತು ಜನ ಬಂದರೆ ಹೆಚ್ಚು. ನಾನೇ ಒಳಗೆ ಇಳಿಯಲಾ?

ಹಳೇ ಪಾಯಿಂಟ್ ಗಾರ್ಡ್:
ಇಳಿಯಬೇಡಿ, ಇಳಿದರೆ ಎಲ್ಲರೂ ಚೆಂಡು ನಿಮಗೇ ಕೊಡುತ್ತಾರೆ. ನಾಲ್ವರು ಚೆಂಡು ತರಲಿ, ಐವರು ಪ್ರೆಸ್ ಹಾಕಲಿ. ನೀವು ಬೆಂಚ್ ಬಿಟ್ಟು ಬ್ಯಾಸ್ಕೆಟ್ ಹಿಂದೆ ಹೋಗಿ ನಿಂತುಕೊಳ್ಳಿ.