ಬೈಬಲ್ಲಿಗೆ ಕೆಲಸ ಹೋಯ್ತೋ, ಮೆಮೋಗೆ ಹೋಯ್ತೋ?

ಗುಂಪು: ಟಿಸಿಎಚ್ (ಶಿಕ್ಷಕ ತರಬೇತಿ) ಗೆಳೆಯರ ಬಳಗ, ದಾವಣಗೆರೆ–ಚಿತ್ರದುರ್ಗ

ಜಗಳೂರು ಮೇಷ್ಟ್ರು: (ಫಾರ್ವರ್ಡ್) ಮೇಜಿನ ಮೇಲೆ ಬೈಬಲ್ ಇಟ್ಟಿದ್ದೇ ತಪ್ಪಾಯ್ತು! 20 ವರ್ಷ ಪಾಠ ಮಾಡಿದ ಅಮೆರಿಕದ ವಿಜ್ಞಾನ ಶಿಕ್ಷಕನನ್ನು ಮನೆಗೆ ಕಳಿಸಿದರು. ಎಲ್ಲ ಶಿಕ್ಷಕ ಬಂಧುಗಳಿಗೂ ತಲುಪಿಸಿ.

ಜಗಳೂರು ಮೇಷ್ಟ್ರು: ನೋಡ್ರಪ್ಪ, ಅಲ್ಲೇ ಹಿಂಗಾದ್ರೆ ನಮ್ಮ ಗತಿ ಏನು? ನಾಳೆ ನಮ್ಮ ಟೇಬಲ್ ಮೇಲಿನ ವಚನದ ಪುಸ್ತಕಕ್ಕೂ ನೋಟಿಸ್ ಬರ್ತೈತೆ.

ಹೊಳಲ್ಕೆರೆ ವಕೀಲರು: ಇದು ಒಹಾಯೊ ರಾಜ್ಯದ ಮೌಂಟ್ ವರ್ನನ್ನಿನ ಜಾನ್ ಫ್ರೆಶ್‌ವಾಟರ್ ಕೇಸು. ಹಳೇದು. ಇದನ್ನ ಬರೆದೋರು ತೀರ್ಪು ಓದಿಲ್ಲ. ಬೈಬಲ್ ವಿಷಯದಲ್ಲಿ ಆ ಮೇಷ್ಟ್ರು ಗೆದ್ದಿದ್ದು.

ಜಗಳೂರು ಮೇಷ್ಟ್ರು: ಗೆದ್ದೋನ ಕೆಲಸ ಹೆಂಗೆ ಹೋಗ್ತೈತೆ ಮಾರಾಯ?

ಹೊಳಲ್ಕೆರೆ ವಕೀಲರು: ಕೇಳು. 2008ರಲ್ಲಿ ಶಾಲೆಯವರು ಮಕ್ಕಳಿರುವ ಹೊತ್ತಲ್ಲಿ ಮೇಜಿನ ಮೇಲಿನ ಬೈಬಲ್ ತೆಗೀರಿ, ಗೋಡೆ ಮೇಲಿನ ಧಾರ್ಮಿಕ ಪಟ ಇಳಿಸಿರಿ ಅಂತ ಆದೇಶ (ಮೆಮೋ) ಕೊಟ್ಟರು. ಅವರು ಬೈಬಲ್ ತೆಗೀಲಿಲ್ಲ. ಅಷ್ಟಕ್ಕೇ ನಿಂತಿದ್ರೆ ಕೆಲಸ ಉಳೀತಿತ್ತೋ ಏನೋ. ಆದೇಶ ಬಂದ ಮೇಲೆ ಶಾಲೆಯ ಲೈಬ್ರರಿಯಿಂದ ಇನ್ನೊಂದು ಬೈಬಲ್ಲು, ಯೇಸುವಿನ ಬಗ್ಗೆ ಒಂದು ಪುಸ್ತಕ ತಂದು ಕ್ಲಾಸಲ್ಲಿ ಕಾಣುವಂಗೆ ಇಟ್ಟರು. ಅಧ್ಯಕ್ಷರಾಗಿದ್ದ ಬುಷ್, ಅವರ ವಿದೇಶಾಂಗ ಮಂತ್ರಿಯಾಗಿದ್ದ ಕಾಲಿನ್ ಪೊವೆಲ್ ಪ್ರಾರ್ಥನೆ ಮಾಡ್ತಿರೋ ಪೋಸ್ಟರೂ ಇಳೀಲಿಲ್ಲ. 2013ರ ನವೆಂಬರ್ 19ಕ್ಕೆ ಒಹಾಯೊ ಸುಪ್ರೀಂ ಕೋರ್ಟ್ 4–3ರಲ್ಲಿ ಹೇಳಿದ್ದು ಇಷ್ಟು: ಸ್ವಂತ ಬೈಬಲ್ ಮೇಜಿನ ಮೇಲೆ ಇಟ್ಕೊಳ್ಳೋದು ಅವರ ಹಕ್ಕು, ಅದನ್ನ ತೆಗಿ ಅಂದ ಆದೇಶವೇ ತಪ್ಪು, ಪಾಲಿಸದಿದ್ದಕ್ಕೆ ಶಿಕ್ಷೆ ಇಲ್ಲ. ಲೈಬ್ರರಿ ಪುಸ್ತಕ, ಪೋಸ್ಟರ್ ಬಗ್ಗೆ ಕೊಟ್ಟ ಆದೇಶ ಸರಿ, ಅದನ್ನ ಬೇಕಂತಲೇ ಮೀರಿದರು. ಆದೇಶ ಉಲ್ಲಂಘನೆ ಅಂತ ವಜಾ ಎತ್ತಿಹಿಡಿದರು.

ಚನ್ನಗಿರಿ ಮೇಡಂ: ಮಗುವಿನ ಕೈ ಸುಟ್ಟಿದ್ದನ್ನ ಇಬ್ಬರೂ ಬಿಟ್ಟೇಬಿಟ್ಟಿರಲ್ಲ ಸರ್.

ಜಗಳೂರು ಮೇಷ್ಟ್ರು: ಎಂಥ ಸುಟ್ಟಿದ್ದು?

ಚನ್ನಗಿರಿ ಮೇಡಂ: 2007ರ ಡಿಸೆಂಬರ್‌ನಲ್ಲಿ ಇದೇ ಫ್ರೆಶ್‌ವಾಟರ್ ಮೇಷ್ಟ್ರು ಎಂಟನೇ ಕ್ಲಾಸಿನ ಮಕ್ಕಳ ತೋಳಿಗೆ ಟೆಸ್ಲಾ ಕಾಯಿಲ್ ತಾಗಿಸಿದ್ದು. ಕೈಯಲ್ಲಿ ಹಿಡಿಯೋ ಟಾರ್ಚಿನ ಥರದ್ದು ಅದು. ಡಿಸ್ಚಾರ್ಜ್ ಟ್ಯೂಬಿನಲ್ಲಿರೋ ಗ್ಯಾಸ್ ಬೆಳಗಿಸೋಕೆ, ವ್ಯಾಕ್ಯೂಮ್ ಪಾತ್ರೆಯಲ್ಲಿ ಲೀಕ್ ಹುಡುಕೋಕೆ ಇರೋ ಸಾಮಾನು. ಹತ್ತಾರು ಸಾವಿರ ವೋಲ್ಟು, ಕರೆಂಟು ತೀರಾ ಕಮ್ಮಿ. ಫ್ರೀಕ್ವೆನ್ಸಿ ಜಾಸ್ತಿ ಇರೋದ್ರಿಂದ ಮನೆ ಕರೆಂಟಿನ ಹಾಗೆ ನರ ಜುಂ ಅನ್ನಲ್ಲ, ಅದಕ್ಕೇ 'ಏನೂ ಆಗಲ್ಲ ಬಾ' ಅಂತ ಧೈರ್ಯ ಬರೋದು. ಆದರೆ ಕಿಡಿ ಚರ್ಮಕ್ಕೆ ಬೀಳೋ ಜಾಗ ಸೂಜಿ ಮೊನೆಯಷ್ಟು, ಶಾಖ ಎಲ್ಲಾ ಅಲ್ಲೇ. ತುದಿಯನ್ನ ನಿಲ್ಲಿಸಿದ್ರೆ ಚುಕ್ಕೆ, ಎಳೆದ್ರೆ ಬರೆ. ಮನೆಯವರು ಶಿಲುಬೆ ಆಕಾರ ಅಂದರು, ಮೇಷ್ಟ್ರು ಇಂಗ್ಲಿಷಿನ ಎಕ್ಸ್ ಅಂದರು. ಆಕಾರ ಯಾವುದಾದರೂ ಆಗ್ಲಿ, ಟ್ಯೂಬಿಗೆ ತಾಗಿಸೋ ಸಾಮಾನನ್ನ ಮಗುವಿಗೆ ತಾಗಿಸಿದ್ದು ಯಾಕೆ?

ಹೊಳಲ್ಕೆರೆ ವಕೀಲರು: ಮೇಡಂ, ಪೇಪರಿನವರಿಗೆ ಸಿಕ್ಕಿದ್ದು ಆ ಬರೆಯೇ, ಆದರೆ ವಜಾ ನಿಂತಿರೋದು ಅದರ ಮೇಲಲ್ಲ. ಇನ್ನು ಮೇಲೆ ಹಾಗೆ ಬಳಸಬೇಡಿ ಅಂತ ಹೇಳಿ ಶಾಲೆಯವರೇ ಆ ವಿಷಯ ಮುಗಿಸಿದ್ದರು. ಒಮ್ಮೆ ಮುಗಿಸಿದ್ದನ್ನ ಮತ್ತೆ ಕೆದಕಿ ಆರೋಪ ಮಾಡೋ ಹಾಗಿಲ್ಲ ಅಂದರು ವಿಚಾರಣೆ ಮಾಡಿದವರು.

ಚನ್ನಗಿರಿ ಮೇಡಂ: ಅಂದ್ರೆ ಪೋಸ್ಟರಿಗೆ ಕೆಲಸ ಹೋಯ್ತು, ಬರೆಗೆ ಬುದ್ಧಿಮಾತು. ಚೆನ್ನಾಗಿದೆ ನ್ಯಾಯ.

ಹರಿಹರ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ): ನಮ್ಮಲ್ಲಿ ನಡೆಯೋದೂ ಇದೇ ಮೇಡಂ. ದೂರು ಬರುತ್ತೆ, ಊರಿನ ಹಿರಿಯರು, ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ)ಯವರು ಕೂತು 'ಮೇಷ್ಟ್ರೇ, ಇನ್ನೊಂದ್ಸಲ ಹಿಂಗಾಗಬಾರದು' ಅಂತಾರೆ, ಟೀ ಕುಡಿದು ಏಳ್ತಾರೆ. ಆರು ತಿಂಗಳಿಗೆ ಮತ್ತೆ ಆದಾಗ ಹಿಂದಿನದಕ್ಕೆ ಒಂದು ಚೀಟಿಯೂ ಇರಲ್ಲ.

ಜಗಳೂರು ಮೇಷ್ಟ್ರು: ಕೈ ಸುಟ್ಟಿದ್ದು ತಪ್ಪು, ಒಪ್ಪಿದೆ. ಪೋಸ್ಟರಿಗೆ ಕೆಲಸ ತೆಗೆಯೋದು ಅತಿ ಆಯ್ತು. 2022ರಲ್ಲಿ ಅದೇ ಅಮೆರಿಕದಾಗೆ ಫುಟ್‌ಬಾಲ್ ಕೋಚು ಮೈದಾನದ ಮಧ್ಯ ಪ್ರಾರ್ಥನೆ ಮಾಡಿ ಸುಪ್ರೀಂ ಕೋರ್ಟಲ್ಲಿ ಗೆದ್ದಿಲ್ವಾ?

ಹೊಳಲ್ಕೆರೆ ವಕೀಲರು: ಗೆದ್ದ, 6–3. ಬ್ರೆಮರ್ಟನ್ ಕೇಸು. ಅದು ಆಟ ಮುಗಿದ ಮೇಲೆ ತಾನೊಬ್ಬನೇ ಮಾಡಿದ ಪ್ರಾರ್ಥನೆ, ಆ ಕ್ಷಣದಲ್ಲಿ ಅವನು ಕೋಚಿಂಗ್ ಮಾಡ್ತಿರಲಿಲ್ಲ ಅಂತ ಹಿಡಿದರು. ಪಿರಿಯಡ್ ನಡೀವಾಗಿನ ಪಾಠಕ್ಕೆ ಅದನ್ನ ಅಂಟಿಸೋಕೆ ಬರಲ್ಲ.

ಚನ್ನಗಿರಿ ಮೇಡಂ: ಪಾಠ ಅಂದ್ರಿ, ಅಲ್ಲಿಗೆ ಬನ್ನಿ. ಫ್ರೆಶ್‌ವಾಟರ್ ಜೀವವಿಕಾಸದ ಪಾಠ ಮಾಡುವಾಗ ಜಿರಾಫೆ, ಮರಕುಟಿಗ ಇಟ್ಕೊಂಡು 'ಇಷ್ಟು ಜಟಿಲವಾದದ್ದು ತಾನಾಗಿ ಆಗೋಕೆ ಸಾಧ್ಯವಾ' ಅನ್ನೋ ಹಾಳೆ ಹಂಚಿದ್ದರು. ಪುಸ್ತಕದಲ್ಲಿ ಅನುಮಾನದ ಜಾಗ ಬಂದರೆ 'ಹಿಯರ್' ಅನ್ನಿ ಅಂತ ಮಕ್ಕಳಿಗೆ ಸಂಕೇತ ಬೇರೆ. 2003ರಲ್ಲೇ ಇಂಥ ಪಾಠಕ್ಕೆ ಅನುಮತಿ ಕೇಳಿದ್ದರು, ಶಾಲಾ ಆಡಳಿತ ಮಂಡಳಿ (ಬೋರ್ಡು) ಒಪ್ಪಿರಲಿಲ್ಲ. ಪುಸ್ತಕವನ್ನ ಅನುಮಾನದಿಂದ ನೋಡೋದು ಒಳ್ಳೇದೇ. ಆದರೆ ಪರೀಕ್ಷಿಸೋಕೆ ದಾರಿ ಇಲ್ಲದ ಉತ್ತರವನ್ನ ಅದರ ಬದಲಿಗೆ ಕೂರಿಸಿದರೆ ಅದು ವಿಜ್ಞಾನದ ಪಿರಿಯಡ್ ಅಲ್ಲ. ನಮ್ಮ ಸಂವಿಧಾನದ 51ಎ(ಎಚ್)ನಲ್ಲಿ ವೈಜ್ಞಾನಿಕ ಮನೋಭಾವ ಅಂತ ಬರೆದಿರೋದನ್ನ ಪ್ರತಿಭಾ ಕಾರಂಜಿ ಭಾಷಣಕ್ಕೆ ಮಾತ್ರ ಬಳಸ್ತೀವಿ.

ಚಳ್ಳಕೆರೆ ಎಚ್‌ಎಂ: ಅಮೆರಿಕ ಸಾಕು. ನಮ್ಮ ಗೋಡೆಗೆ ಬರ್ರಿ. ಸರಸ್ವತಿ ಪಟ?

ಜಗಳೂರು ಮೇಷ್ಟ್ರು: ಅದು ಸಂಸ್ಕೃತಿ ಸರ್. ಅದಕ್ಕೂ ಕೈ ಹಾಕಬೇಡ್ರಿ.

ಹರಿಹರ ಸಿಆರ್‌ಪಿ: ಹರಿಹರೇಶ್ವರನ ತೇರು ನೋಡೋ ಹುಡುಗ, ಆರೋಗ್ಯ ಮಾತೆ ಚರ್ಚಿಗೆ ಹೋಗೋ ಹುಡುಗಿ, ಮಸೀದಿ ಪಕ್ಕದ ಮನೆಯವನು ಮೂವರೂ ಒಂದೇ ಬೆಂಚಲ್ಲಿ ಇರ್ತಾರೆ. ಪಟ ಗೋಡೆ ಮೇಲಿದ್ದರೆ ಯಾರೂ ಏನೂ ಅನ್ನಲ್ಲ. 'ನೀನ್ಯಾಕೆ ಆರತಿ ತಗೊಳ್ಳಲಿಲ್ಲ, ಎದ್ದು ನಿಲ್ಲು' ಅಂದ ದಿನ ದೂರು ಬರುತ್ತೆ.

ಹೊಳಲ್ಕೆರೆ ವಕೀಲರು: ಸಿಆರ್‌ಪಿ ಸಾಹೇಬರು ಸರಿಯಾದ ಜಾಗ ಮುಟ್ಟಿದರು. ಅನುಚ್ಛೇದ 28(1) ಪೂರ್ತಿ ಸರ್ಕಾರದ ಹಣದಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡ ಅನ್ನುತ್ತೆ. ಮಠದ ಅನುದಾನಿತ ಶಾಲೆಗೆ 28(3): ಬೋಧನೆ ಇರಬಹುದು, ಆದರೆ ಮಗುವಿನ ಪೋಷಕರ ಒಪ್ಪಿಗೆ ಇಲ್ಲದೆ ಕೂರಿಸೋ ಹಾಗಿಲ್ಲ. ಧರ್ಮದ ಬಗ್ಗೆ ತಿಳಿಸೋದು ಬೇರೆ, ಅದಕ್ಕೆ ಅಡ್ಡಿಯಿಲ್ಲ ಅಂತ 2002ರ ಅರುಣಾ ರಾಯ್ ತೀರ್ಪು. ಸಮಾಜ ವಿಜ್ಞಾನದಲ್ಲಿ ಬಸವಣ್ಣ ಇಷ್ಟಲಿಂಗದ ಕಲ್ಪನೆ ಕೊಟ್ಟರು ಅಂತ ಹೇಳೋದು ಪಾಠ. 'ನಾಳೆಯಿಂದ ಲಿಂಗ ಕಟ್ಕೊಂಡು ಬನ್ನಿ' ಅಂದರೆ ಬೋಧನೆ. ಮೇಷ್ಟ್ರ ಹಣೆಯ ವಿಭೂತಿ ಎರಡೂ ಅಲ್ಲ. 1986ರ ಬಿಜೋ ಇಮ್ಯಾನುಯೆಲ್ ಕೇಸೂ ನೆನಪಿರಲಿ. ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೇ ಇದ್ದ ಕೇರಳದ ಮೂವರು ಮಕ್ಕಳನ್ನ ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ರಾಷ್ಟ್ರಗೀತೆಗೇ ಹಾಗಾದರೆ ಆರತಿಗೆ ಏನು ಹೇಳ್ತೀರಿ?

ಜಗಳೂರು ಮೇಷ್ಟ್ರು: ಸರಿ, ನಿಜವಾಗ್ಲೂ ಯಾರೋ ಮಾಡಿದಾರೆ ಅನ್ಕೋ. ಏನು ಮಾಡಬೇಕು? ಪೇಪರಲ್ಲಿ ಬಂತು ಅಂತ ಸಂಜೆ ಹೊತ್ತಿಗೆ ಅಮಾನತು. ಅದು ಮಾತ್ರ ಸರಿನಾ?

ಹರಿಹರ ಸಿಆರ್‌ಪಿ: ಅಮಾನತು ಶಿಕ್ಷೆ ಅಲ್ಲ ಸರ್, ಊರಿನವರು ಹಾಗಂದ್ಕೋತಾರೆ ಅಷ್ಟೇ. ಮೊದಲು ದಾಖಲೆ. ಮಕ್ಕಳ ಹೇಳಿಕೆ ಒಬ್ಬೊಬ್ಬರದೇ ಬೇರೆ ಬೇರೆ, ಅವರದೇ ಮಾತಲ್ಲಿ. ಗುಂಪಲ್ಲಿ ನಿಲ್ಲಿಸಿ ಕೇಳಿದರೆ ಮೊದಲನೆಯವನು ಹೇಳಿದ್ದನ್ನೇ ಉಳಿದ ಹತ್ತೂ ಹೇಳ್ತವೆ. ಆರೋಪಕ್ಕೆ ಒಳಗಾದ ಮೇಷ್ಟ್ರು ಆ ಕೋಣೆಯಲ್ಲಿ ಇರಬಾರದು. ಹಂಚಿದ ಹಾಳೆ ಇದ್ದರೆ ಮೂಲ ಪ್ರತಿಯನ್ನೇ ತಗೊಂಡು ದಿನಾಂಕ, ಸಹಿ ಹಾಕಿಸಿ. ಪಾಠ ಯೋಜನೆ, ವೇಳಾಪಟ್ಟಿ, ಹಾಜರಿ ಪುಸ್ತಕ ಅವತ್ತೇ ಜೆರಾಕ್ಸ್. ವಾರ ಬಿಟ್ಟು ಹೋದರೆ ಪಾಠ ಯೋಜನೆ ಹೊಸ ಪೆನ್ನಲ್ಲಿ ಬರೆದಿರುತ್ತೆ.

ಹೊಳಲ್ಕೆರೆ ವಕೀಲರು: ಮೈಮೇಲೆ ಗಾಯ ಇದ್ದರೆ ಅದು ಬೇರೆ ದಾರಿ. ಅವತ್ತೇ ಸರ್ಕಾರಿ ಆಸ್ಪತ್ರೆ, ವೈದ್ಯರ ಪ್ರಮಾಣಪತ್ರ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಸೆಕ್ಷನ್ 17ರಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷೇಧ, ಬಾಲನ್ಯಾಯ ಕಾಯ್ದೆ ಸೆಕ್ಷನ್ 75 ಕ್ರಿಮಿನಲ್. ಎಸ್‌ಡಿಎಂಸಿಗೆ ಅದನ್ನ ರಾಜಿ ಮಾಡೋ ಅಧಿಕಾರ ಇಲ್ಲ.

ಚಳ್ಳಕೆರೆ ಎಚ್‌ಎಂ: ಆಮೇಲೆ ದೋಷಾರೋಪಣಾ ಪಟ್ಟಿ. ನಮ್ಮ ಇಲಾಖೆ ಎಡವೋದೇ ಅಲ್ಲಿ.

ಹೊಳಲ್ಕೆರೆ ವಕೀಲರು: ಹೌದು. ಸರ್ಕಾರಿ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮದಲ್ಲಿ ದೊಡ್ಡ ಶಿಕ್ಷೆಗೆ ನಿಯಮ 11, ಸಣ್ಣದಕ್ಕೆ ನಿಯಮ 12. ನಿಯಮ 11 ಅಂದರೆ ನಾಲ್ಕು ಅನುಬಂಧ: ಆರೋಪ, ಅದರ ವಿವರ, ದಾಖಲೆ ಪಟ್ಟಿ, ಸಾಕ್ಷಿ ಪಟ್ಟಿ. 'ಸದರಿ ಶಿಕ್ಷಕರು ಧರ್ಮಪ್ರಚಾರ ಮಾಡಿ ಇಲಾಖೆಗೆ ಮುಜುಗರ ತಂದಿರುತ್ತಾರೆ' ಅಂತ ಒಂದು ಸಾಲು ಬರೆದರೆ ಕೆಎಸ್‌ಎಟಿ (ರಾಜ್ಯ ಆಡಳಿತ ನ್ಯಾಯಮಂಡಳಿ)ಯಲ್ಲಿ ಬಿದ್ದುಹೋಗುತ್ತೆ. ಯಾವ ದಿನ, ಯಾವ ತರಗತಿ, ಎಷ್ಟನೇ ಪಿರಿಯಡ್, ಏನಂದರು, ಯಾವ ನಿಯಮ ಮೀರಿದರು, ಇಷ್ಟೂ ಇರಬೇಕು. ಅಮಾನತು ಮಾಡಿ ಕೂರಿಸೋದೂ ನಡೆಯಲ್ಲ, ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಮುಂದುವರಿಸಬಾರದು ಅಂತ 2015ರ ಅಜಯ್ ಕುಮಾರ್ ಚೌಧರಿ ತೀರ್ಪಿದೆ.

ಚಳ್ಳಕೆರೆ ಎಚ್‌ಎಂ: ಮತ್ತೆ ವರ್ಗಾವಣೆ ಮಾಡಿ ಕೈ ತೊಳ್ಕೊಳ್ಳೋದು. ಶಿಕ್ಷೆಗಳ ಪಟ್ಟಿಯಲ್ಲಿ ವರ್ಗಾವಣೆ ಇಲ್ಲವೇ ಇಲ್ಲ. ತಪ್ಪು ಮಾಡಿದ್ದರೆ ಆ ಮೇಷ್ಟ್ರು ಮೊಳಕಾಲ್ಮೂರಿನ ಮಕ್ಕಳಿಗೆ ಮಾತ್ರ ಒಳ್ಳೆಯವರಾಗ್ತಾರಾ?

ಹೊಳಲ್ಕೆರೆ ವಕೀಲರು: ಫ್ರೆಶ್‌ವಾಟರ್ ವಿಚಾರಣೆ ಸುಮಾರು ಎರಡು ವರ್ಷ ನಡೀತು. 80ಕ್ಕೂ ಹೆಚ್ಚು ಸಾಕ್ಷಿ, 6,000ಕ್ಕೂ ಹೆಚ್ಚು ಪುಟ. ಬೋರ್ಡಿನ ಒಂದು ಆದೇಶ ಕೋರ್ಟಲ್ಲಿ ಬಿದ್ದರೂ ಉಳಿದದ್ದು ನಿಂತಿದ್ದು ಅಷ್ಟು ದಾಖಲೆ ಇದ್ದಿದ್ದಕ್ಕೆ.

ಹರಿಹರ ಸಿಆರ್‌ಪಿ: ನಮ್ಮಲ್ಲಿ ಎಂಟು ಸಾಕ್ಷಿ ಬರೆದರೆ ಇಬ್ಬರು ಬರ್ತಾರೆ. ಅದರಲ್ಲಿ ಒಬ್ಬರಿಗೆ ಮದುವೆ ಸೀಸನ್.

ಜಗಳೂರು ಮೇಷ್ಟ್ರು: ಸರಿ ಬಿಡ್ರಪ್ಪ, ಫಾರ್ವರ್ಡ್ ಅಳಿಸಿದೆ. ಆದ್ರೆ ಬೈಬಲ್ ತೆಗಿ ಅಂದ ಆದೇಶ ತಪ್ಪು ಅಂತ ಕೋರ್ಟೇ ಹೇಳೈತೆ ಅಂದ್ರಲ್ಲ, ಆ ಮೆಸೇಜು ಇರ್ಲಿ.

ಹೊಳಲ್ಕೆರೆ ವಕೀಲರು: ಇರಲಿ. ಅದರ ಕೆಳಗಿನ ಎರಡು ಸಾಲೂ ಇರಲಿ.

ಚನ್ನಗಿರಿ ಮೇಡಂ: ಮತ್ತೆ ಯಾರ ಲ್ಯಾಬಲ್ಲಾದ್ರೂ ಆ ಕಾಯಿಲ್ ಇದ್ದರೆ ಬೀರುವಿಗೆ ಬೀಗ ಹಾಕಿ ಸರ್. ಬೀಗದ ಕೈ ಬೀರುವಿಗೇ ನೇತುಹಾಕಬೇಡಿ.