ಹೊಸ ಸಾರ್ಟೆಕ್ಸ್ ತಂದರೆ ಮಾಲು ನೋಡುವವರು ಬೇಡವೇ? ಬಳಸಿದವರು ಹೇಳಿ

ಗಂಗಾವತಿಯಿಂದ ಪ್ರಶ್ನೆ: ನಮ್ಮದು ಸೋನಾ ಮಸೂರಿಯ ಸಣ್ಣ ಅಕ್ಕಿ ಗಿರಣಿ. ಕೃತಕ ಬುದ್ಧಿಮತ್ತೆಯ ಸಾರ್ಟೆಕ್ಸ್ (ಅಕ್ಕಿಯಿಂದ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ) ಕೊಳ್ಳಿ ಎಂದು ಮಾರಾಟದವರು ಬೆನ್ನು ಹತ್ತಿದ್ದಾರೆ. ಮಾಲು ನೋಡುವ ಹಿರಿಯರ ಸಂಬಳ ಉಳಿಯುತ್ತದಂತೆ. ನಿಜವೇ?

ಸಿಂಧನೂರಿನಿಂದ: ಯಂತ್ರ ಕೊಳ್ಳಿ ಅಣ್ಣ, ಸಂಬಳದ ಲೆಕ್ಕ ಮಾತ್ರ ನಂಬಬೇಡಿ. ಜಾರಿ ಬೀಳುವ ಅಕ್ಕಿಯಲ್ಲಿ ಕಪ್ಪು, ಹಳದಿ ಕಾಳು ಕ್ಯಾಮೆರಾಕ್ಕೆ ಕಂಡ ಕೂಡಲೇ ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ಹಾರುತ್ತದೆ. ಆ ವೇಗ ಯಾವ ಕಣ್ಣಿಗೂ ಇಲ್ಲ. ಆದರೆ ಅದು ನೋಡುವುದು ಪಾಲಿಶ್ ಮುಗಿದ ಅಕ್ಕಿಯನ್ನು. ನಮ್ಮ ನಷ್ಟ ಶುರುವಾಗುವುದು ಭತ್ತದ ಲಾರಿಯ ಬಳಿಯೇ. ನಮ್ಮ ಹಿರಿಯರು ಚೀಲದ ನಡುವಿನಿಂದ ಹಿಡಿ ಭತ್ತ ತೆಗೆದು ಮೂಸುತ್ತಾರೆ, ಒಂದು ಕಾಳು ಕಡಿಯುತ್ತಾರೆ. ಪಟ್ಟೆಂದರೆ ಸರಿ, ಮೆತ್ತಗಾದರೆ ಹಸಿ. ಆಮೇಲೆ ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿ, ಕಾಳನ್ನು ಬೆಳಕಿಗೆ ಹಿಡಿಯುತ್ತಾರೆ. ಅವಸರದಲ್ಲಿ ಒಣಗಿಸಿದ ಭತ್ತಕ್ಕೆ ಒಳಬಿರುಕು ಬಿದ್ದಿರುತ್ತದೆ. ಮೀಟರಿನಲ್ಲಿ ತೇವಾಂಶ ಶೇ 14 ಎಂದು ಚೆನ್ನಾಗಿಯೇ ಕಾಣುತ್ತದೆ, ಗಿರಣಿಗೆ ಹಾಕಿದರೆ ನುಚ್ಚು. ನುಚ್ಚನ್ನು ಬೇರೆ ಮಾಡಲು ಯಂತ್ರಗಳಿವೆ, ಮತ್ತೆ ಇಡಿ ಅಕ್ಕಿ ಮಾಡಲು ಯಾವುದೂ ಇಲ್ಲ.

ಕಾರಟಗಿಯಿಂದ: ಸಾರ್ಟೆಕ್ಸ್ ನಡೆಸುವವನು ನಾನು. ಕಾಳು ತುಂಬುವಾಗ ಸೆಕೆ ಹೆಚ್ಚಿದ್ದರೆ ಬೇಸಿಗೆ ಬೆಳೆಯಲ್ಲಿ ಹೊಟ್ಟೆ ಬಿಳುಪಾದ ಕಾಳು ಜಾಸ್ತಿ. ಮಳೆಗಾಲದ ಅಕ್ಕಿ ನೋಡಿ ಕಲಿತ ಯಂತ್ರ ಅದನ್ನೆಲ್ಲ ಕೆಟ್ಟದ್ದೆಂದು ಎಸೆಯುತ್ತದೆ, ಜೊತೆಗೆ ಪಕ್ಕದ ಒಳ್ಳೆಯ ಕಾಳೂ ಹಾರುತ್ತದೆ. ಎಸೆದ ಮಾಲನ್ನು ತಟ್ಟೆಗೆ ಸುರಿದು, ಯಂತ್ರದ ಆಯ್ಕೆಯನ್ನು ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಹೇಳುವವರು ಅದೇ ಹಿರಿಯರು. ತೌಡಿನ ದೂಳು ಗಾಜಿನ ಮೇಲೆ ಕುಳಿತರಂತೂ ಯಾವ ಬುದ್ಧಿಮತ್ತೆಯೂ ನಡೆಯುವುದಿಲ್ಲ, ಬಟ್ಟೆ ಹಿಡಿದು ಒರೆಸಬೇಕು. ಹೊಸ ಬೆಳೆಯ ಕಾಳನ್ನು ಯಂತ್ರಕ್ಕೆ ಕಲಿಸುವುದು ನಿಮ್ಮ ಕೈಯಲ್ಲಿದೆಯೋ, ಪ್ರತಿ ಸಲ ಕಂಪನಿಯವರೇ ಬರಬೇಕೋ, ಹಣ ಕೊಡುವ ಮೊದಲೇ ಬರೆಸಿಕೊಳ್ಳಿ.

ಬಳ್ಳಾರಿಯಿಂದ: ನಮ್ಮದು ಜೀನ್ಸ್. ತೊಳೆದ ಮಾಲಿನ ಬಣ್ಣ ಎಷ್ಟು ಬೇರೆಯಾಗಿದೆ ಎಂದು ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಅಷ್ಟು ವ್ಯತ್ಯಾಸವನ್ನು ಈ ವ್ಯಾಪಾರಿ ಒಪ್ಪುತ್ತಾನೆಯೇ ಎಂದು ನಮ್ಮ ಮೇಸ್ತ್ರಿಯನ್ನೇ ಕೇಳುತ್ತೇವೆ.

ಗಂಗಾವತಿಯಿಂದ: ಡೆಮೊಗೆ ನಮ್ಮದೇ ಅಕ್ಕಿ ಒಯ್ಯಲೇ?

ಕಾರಟಗಿಯಿಂದ: ಒಯ್ಯಿರಿ, ಆದರೆ ಒಳ್ಳೆಯದನ್ನಲ್ಲ. ಮಳೆಗೆ ಸಿಕ್ಕ ಭತ್ತದ ಅಕ್ಕಿ ಒಯ್ದು, ಯಂತ್ರ ಎಸೆದದ್ದರಲ್ಲಿ ಒಳ್ಳೆಯ ಕಾಳನ್ನು ನಿಮ್ಮ ಹಿರಿಯರಿಂದಲೇ ಆರಿಸಿ ತೂಗಿಸಿ. ಮಾರಾಟದವರು ಊಟಕ್ಕೆ ಕರೆದರೆ ತೂಕ ಮುಗಿದ ಮೇಲೆ ಹೋಗಿ.